ಮೊದಲ ಬೆಟ್‌ಗೂ ಮುಂಚೆ ರಿವರ್ ನೋಡಿ: ಪೋಕರ್‌ನಲ್ಲಿ ಬೆಟ್ ಗಾತ್ರದ ಲೆಕ್ಕ

ಪಂಚಮಿ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ. ಊರ ಅಗಸಿಯಿಂದ ಹೊರಟು ಇಷ್ಟೇ ಎಸೆತದಲ್ಲಿ ಮುಂದಿನ ಊರು ಮುಟ್ಟಿಸಬೇಕು. ಪಣಕ್ಕೆ ಒಪ್ಪುವವನು ಹಣ್ಣು ಕೈಗೆ ತಗೊಳ್ಳುವ ಮುಂಚೆಯೇ ದಾರಿಯನ್ನು ಎಸೆತಗಳ ಲೆಕ್ಕದಲ್ಲಿ ಹಂಚಿಕೊಂಡಿರುತ್ತಾನೆ. ಮೊದಲ ಎಸೆತ ಗಿಡ್ಡಾಯಿತೋ, ಉಳಿದ ಎಸೆತಗಳ ಮೇಲೆ ಆಗದಷ್ಟು ಭಾರ ಬೀಳುತ್ತದೆ.

ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್‌ನಲ್ಲೂ ಲೆಕ್ಕ ಹೀಗೇ. ದೂರ ಎಂದರೆ ನಿಮ್ಮ ಮುಂದಿರುವ ಸ್ಟ್ಯಾಕ್, ಅಂದರೆ ಚಿಪ್ಸ್ ರಾಶಿ. ಎಸೆತ ಮೂರು: ಫ್ಲಾಪ್ (ನಡುವಿನ ಬೋರ್ಡ್ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ತೆರೆಯುವ ಸುತ್ತು), ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ, ಕೊನೆಯ ಎಲೆ). ರಿವರ್‌ನಲ್ಲಿ ಎದುರಿನವನು ಆಲ್-ಇನ್ ಎಂದಾಗ ಹಣೆ ಹಣೆ ಬಡಿದುಕೊಳ್ಳುವವರ ನಿಜವಾದ ತಪ್ಪು ಸಾಮಾನ್ಯವಾಗಿ ರಿವರ್‌ನದ್ದಲ್ಲ, ಫ್ಲಾಪ್‌ನಲ್ಲಿ ಯೋಚಿಸದೆ ಇಟ್ಟ ಬೆಟ್‌ನದ್ದು. ಇಲ್ಲಿ ಹೇಳುವುದು ಆ ಮೊದಲ ಬೆಟ್ ಅನ್ನು ಹೇಗೆ ಅಳೆಯಬೇಕು ಎಂಬುದನ್ನು. ಆಟದ ನಿಯಮ, ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂಬುದು ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇವೆ.

ನಮ್ಮ ಕಡೆ ಹೆಚ್ಚಿನವರು ತೀನ್ ಪತ್ತಿ ಆಡಿ ಪೋಕರ್‌ಗೆ ಬಂದವರು. ಅಲ್ಲಿ ಚಾಲ್ ಮೇಲೆ ಚಾಲ್ ಹಾಕುತ್ತ ಹೋಗುವುದು, ಪ್ರತಿ ಸಲ ಮೊತ್ತಕ್ಕೊಂದು ಮಿತಿ ಇರುವುದು. ಎಲೆ ಬದಲಾಗುವುದಿಲ್ಲ, ಎದುರಿನವನ ಧೈರ್ಯ ಮಾತ್ರ ಕರಗಬೇಕು. ಆ ರೂಢಿಯೇ ಇಲ್ಲಿ ಮುಳ್ಳಾಗುತ್ತದೆ. ಪೋಕರ್‌ನಲ್ಲಿ ಪಾಟ್ (ನಡುವೆ ಕೂಡಿದ ಮೊತ್ತ) ಬೆಳೆದಂತೆ ಬೆಟ್ ಕೂಡ ಬೆಳೆಯುತ್ತದೆ, ನಡುವೆ ಹೊಸ ಎಲೆ ಬೀಳುತ್ತವೆ, ಮಿತಿ ನಿಮ್ಮ ಸ್ಟ್ಯಾಕ್ ಒಂದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತಿದೆಯಲ್ಲ, ಇಲ್ಲಿ ಹಾಸಿಗೆಯನ್ನು ಪ್ರತಿ ಸುತ್ತಿಗೂ ಮತ್ತೆ ಅಳೆಯಬೇಕು.

ಹಣದ ವಿಷಯ ಒಂದೇ ಮಾತಿನಲ್ಲಿ: 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಆನ್‌ಲೈನ್ ಹಣದಾಟವನ್ನು ನಿಷೇಧಿಸಿದೆ, ಅಡ್ಡೆ ನಡೆಸುವವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿಂದಲೂ ಇದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುವವರ ಮಾತು ಬೇರೆ. ಕೆಳಗಿನದ್ದೆಲ್ಲ ಮನೆಯ ಅಂಗಳದಲ್ಲಿ, ಬರೀ ಚಿಪ್ಸ್ ಇಟ್ಟು ಆಡುವ ಆಟದ ಲೆಕ್ಕ.

ಚಿಲ್ಲರೆ ಇಲ್ಲದೆ ಲೆಕ್ಕ ಇಲ್ಲ

ಬೆಟ್ ಗಾತ್ರ ಸರಿಯಾಗಬೇಕಾದರೆ ಮೊದಲು ಕೈಯಲ್ಲಿ ಚಿಲ್ಲರೆ ಇರಬೇಕು. ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಲೇಬೇಕಾದ ಮೊತ್ತ) 5 ಮತ್ತು 10, ತಲಾ 1000 ಚಿಪ್ಸ್ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ 5ರವು ಹತ್ತು, 25ರವು ಹತ್ತು, 100ರವು ಏಳು ಕೊಟ್ಟರೆ ಸರಿಯಾಗಿ 1000. ಆರು ಜನಕ್ಕೆ 162 ಬಿಲ್ಲೆ. 200 ಬಿಲ್ಲೆಯ ಡಬ್ಬಿ ಸಾಕು. ಬರೀ 100ರ ಬಿಲ್ಲೆ ಹಂಚಿದರೆ ಎಲ್ಲರೂ ನೂರು, ಇನ್ನೂರು ಎಂದೇ ಬೆಟ್ ಕಟ್ಟುತ್ತಾರೆ, ಲೆಕ್ಕ ಅಲ್ಲಿಗೇ ಕೆಡುತ್ತದೆ. ಡಬ್ಬಿ ಇಲ್ಲದವರು ಹುಣಸೆ ಬೀಜ, ಕವಡೆ ಇಟ್ಟುಕೊಳ್ಳಿ. ಶೇಂಗಾ ಬೇಡ, ಅರ್ಧ ಪಾಟ್ ಹೊಟ್ಟೆಗೆ ಹೋಗುತ್ತದೆ. ಜಮಖಾನದ ಮೇಲೆ ಬಿಲ್ಲೆ ನೆಟ್ಟಗೆ ನಿಲ್ಲುವುದಿಲ್ಲ, ನಡುವೆ ಒಂದು ಮಣೆ ಇಡಿ. ಪಾಟ್‌ನಲ್ಲಿ ಎಷ್ಟಿದೆ ಎಂಬುದು ಪ್ರತಿ ಸುತ್ತು ಮುಗಿದಾಗ ಎಲ್ಲರಿಗೂ ಗೊತ್ತಿರಬೇಕು.

ಮೊದಲು ಅನುಪಾತ

ಫ್ಲಾಪ್ ಬಿದ್ದ ಕೂಡಲೇ ಎಲೆ ನೋಡುವ ಮುಂಚೆ ಒಂದು ಭಾಗಾಕಾರ ಮಾಡಿ: ಇಬ್ಬರಲ್ಲಿ ಯಾರ ಸ್ಟ್ಯಾಕ್ ಕಡಿಮೆಯೋ ಅದನ್ನು ಪಾಟ್‌ನಿಂದ ಭಾಗಿಸಿ. ನಿಮ್ಮ ಮುಂದೆ 2000 ಇದ್ದು ಎದುರಿನವನ ಬಳಿ 400 ಇದ್ದರೆ ಆಟ 400ರದ್ದೇ. ಬಂದ ಉತ್ತರಕ್ಕೆ ಸ್ಟ್ಯಾಕ್-ಪಾಟ್ ಅನುಪಾತ ಅನ್ನುತ್ತಾರೆ. ಆಟಗಾರರ ಬಾಯಲ್ಲಿ ಎಸ್‌ಪಿಆರ್.

ಈ ಅನುಪಾತ ಫ್ಲಾಪ್‌ನಲ್ಲಿ ಹುಟ್ಟುವುದಲ್ಲ, ಅದಕ್ಕೂ ಮುಂಚಿನ ಸುತ್ತಿನಲ್ಲೇ ನೀವು ಕಟ್ಟಿಕೊಂಡು ಬಂದದ್ದು. ಮೂರು ಉದಾಹರಣೆ ನೋಡಿ. ಡೀಲರ್ ಜಾಗದಿಂದ 30ಕ್ಕೆ ರೇಜ್ ಮಾಡಿದಿರಿ, ದೊಡ್ಡ ಬ್ಲೈಂಡ್‌ನವನು ಕಾಲ್ ಮಾಡಿದ: ಪಾಟ್ 65, ಉಳಿದದ್ದು 970, ಅನುಪಾತ ಸುಮಾರು 15. ಅದೇ ಅವನು 110ಕ್ಕೆ ಮರು-ರೇಜ್ ಮಾಡಿ ನೀವು ಕಾಲ್ ಕೊಟ್ಟಿದ್ದರೆ ಪಾಟ್ 225, ಉಳಿದದ್ದು 890, ಅನುಪಾತ ಹತ್ತಿರಹತ್ತಿರ 4. ಇನ್ನು ಮನೆಯಾಟದ ಮಾಮೂಲು ದೃಶ್ಯ: ನೀವು 30 ಅಂದಿರಿ, ಎರಡೂ ಬ್ಲೈಂಡ್ ಸೇರಿ ನಾಲ್ಕು ಜನ "ಬಾ ನೋಡೋಣ" ಎಂದು ಬಂದರು. ಪಾಟ್ 150, ಅನುಪಾತ ಆರೂವರೆ, ಎದುರಿಗೆ ನಾಲ್ಕು ಕೈ. ಈ ಮೂರರಲ್ಲಿ ಒಂದೇ ಎಕ್ಕ-ರಾಜ ಹಿಡಿದು ಕೂತರೂ ಆಡಬೇಕಾದ ಆಟ ಮೂರು ಬಗೆಯದ್ದು.

ಒರಟಾಗಿ ಹೇಳುವುದಾದರೆ, ಅನುಪಾತ 3ಕ್ಕಿಂತ ಕಡಿಮೆ ಇದ್ದಾಗ ಬೋರ್ಡ್‌ನ ದೊಡ್ಡ ಎಲೆಗೆ ಜೋಡಿ ಕೂಡಿದರೆ ಪೂರ್ತಿ ಸ್ಟ್ಯಾಕ್ ಹಾಕಲು ಸಿದ್ಧರಿರಬಹುದು. 4ರಿಂದ 7ರ ನಡುವೆ ಎದುರಿನವನ ಸ್ವಭಾವ ನೋಡಬೇಕು. 10 ದಾಟಿದರೆ ಒಂದು ಜೋಡಿಗೆ ಸ್ಟ್ಯಾಕ್ ಪೂರ್ತಿ ಹೋಯಿತೆಂದರೆ ಸಾಮಾನ್ಯವಾಗಿ ಸೋತ ಕೈಗೇ ಹೋಗಿರುತ್ತದೆ. ಸ್ಟ್ಯಾಕ್ 12 ಬ್ಲೈಂಡ್‌ಗೆ, ಅಂದರೆ ಇಲ್ಲಿ 120ಕ್ಕೆ ಇಳಿದಿದ್ದರೆ ಫ್ಲಾಪ್‌ವರೆಗೆ ಕಾಯುವ ಯೋಜನೆಯೇ ಬೇಡ. ಮೊದಲ ಸುತ್ತಿನಲ್ಲೇ ಆಲ್-ಇನ್, ಇಲ್ಲವೇ ಫೋಲ್ಡ್.

ಹದಿನೇಳು ಬಿಲ್ಲೆ 235 ಆಗುವುದು

ಪಾಟ್ 100 ಇದೆ ಎನ್ನಿ. ಮೂರೂ ಸುತ್ತಿನಲ್ಲಿ ಒಂದೇ ಪ್ರಮಾಣದಲ್ಲಿ ಬೆಟ್ ಕಟ್ಟುತ್ತ ಹೋದರೆ, ಪ್ರತಿ ಸಲ ಒಬ್ಬ ಕಾಲ್ ಮಾಡುತ್ತ ಬಂದರೆ, ಕೊನೆಗೆ ನಿಮ್ಮ ಕೈಯಿಂದ ಹೋಗುವುದು ಇಷ್ಟು:

ಪಾಟ್‌ನ ಮೂರನೇ ಒಂದು: 33, 56, 93. ಒಟ್ಟು 182.
ಅರ್ಧ: 50, 100, 200. ಒಟ್ಟು 350.
ಮೂರನೇ ಎರಡು: 67, 156, 363. ಒಟ್ಟು ಸುಮಾರು 585.
ಪೂರ್ತಿ ಪಾಟ್: 100, 300, 900. ಒಟ್ಟು 1300.

ಅರ್ಧಕ್ಕೂ ಮೂರನೇ ಎರಡಕ್ಕೂ ಫ್ಲಾಪ್‌ನಲ್ಲಿ ವ್ಯತ್ಯಾಸ ಹದಿನೇಳೇ ಬಿಲ್ಲೆ. ರಿವರ್ ಮುಗಿಯುವಾಗ ಅದು 235 ಆಗಿರುತ್ತದೆ. ಈ ನಾಲ್ಕು ಮೊತ್ತಗಳನ್ನು (182, 350, 585, 1300) ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕಾಲ್ ಮಾಡುವವನಿಗೂ ಇದೇ ಪಟ್ಟಿ. ಎದುರಿನವನು ಫ್ಲಾಪ್‌ನಲ್ಲಿ 67 ಇಟ್ಟಾಗ ನೀವು ತೀರ್ಮಾನಿಸುತ್ತಿರುವುದು 67ರ ಬಗ್ಗೆ ಅಲ್ಲ, ಮುಂದೆ ಬರಬಹುದಾದ 585ರ ಬಗ್ಗೆ. ಟರ್ನ್‌ನಲ್ಲಿ ಹೇಗಿದ್ದರೂ ಬಿಡುವ ಕೈಯಾದರೆ ಈಗಲೇ ಬಿಡುವುದು ಅಗ್ಗ.

ಉಲ್ಟಾ ಲೆಕ್ಕವೂ ಬೇಕು: ಸ್ಟ್ಯಾಕ್ ಪೂರ್ತಿ ಒಳಗೆ ಹೋಗಬೇಕೆಂದರೆ ಪ್ರತಿ ಸುತ್ತಿಗೆ ಎಷ್ಟು? ಅನುಪಾತ 2 ಇದ್ದರೆ ಮೂರು ಸುತ್ತಿಗೆ ತಲಾ ಪಾಟ್‌ನ 35 ಪ್ರತಿಶತ ಸಾಕು, ಎರಡೇ ಸುತ್ತು ಉಳಿದಿದ್ದರೆ 62. ಅನುಪಾತ 3ಕ್ಕೆ 46 ಮತ್ತು 82. 4ಕ್ಕೆ 54 ಮತ್ತು ಸರಿಯಾಗಿ 100. 6ಕ್ಕೆ 68 ಮತ್ತು 130. 13ಕ್ಕೆ ಮೂರು ಸುತ್ತಿಗೂ ಪೂರ್ತಿ ಪಾಟ್. ಮೇಲೆ ಹೇಳಿದ 225ರ ಪಾಟ್, 890ರ ಸ್ಟ್ಯಾಕ್ ತಗೊಂಡು ಪರೀಕ್ಷಿಸಿ: ಫ್ಲಾಪ್‌ನಲ್ಲಿ 120, ಪಾಟ್ 465, ಟರ್ನ್‌ನಲ್ಲಿ 250, ಪಾಟ್ 965, ಕೈಯಲ್ಲಿ ಉಳಿದದ್ದು 520, ರಿವರ್‌ನಲ್ಲಿ ಅದು ಪಾಟ್‌ನ ಅರ್ಧಕ್ಕಿಂತ ತುಸು ಹೆಚ್ಚು. ಮೂರೂ ಎಸೆತ ಒಂದೇ ಅಳತೆಯಲ್ಲಿ ಬಿದ್ದವು, ಎಲ್ಲೂ ಏಗಲಿಲ್ಲ.

ಫ್ಲಾಪ್‌ನಲ್ಲಿ 50 ಮಾತ್ರ ಇಟ್ಟಿದ್ದರೆ? ಪಾಟ್ 325, ಕೈಯಲ್ಲಿ 840. ಎರಡೇ ಸುತ್ತಿನಲ್ಲಿ ಅದನ್ನೆಲ್ಲ ಹಾಕಬೇಕಾದರೆ ತಲಾ ಪಾಟ್‌ನ ಮುಕ್ಕಾಲು ಭಾಗದಷ್ಟು ಬೆಟ್ ಬೇಕು, ಅಂದರೆ ಟರ್ನ್‌ನಲ್ಲಿ 240ರ ಆಸುಪಾಸು. 50ಕ್ಕೆ ಕಾಲ್ ಕೊಟ್ಟವನು 240ಕ್ಕೆ ಹುಬ್ಬೇರಿಸುತ್ತಾನೆ. ಮೊದಲ ಎಸೆತ ಗಿಡ್ಡ ಬಿದ್ದ ಫಲ.

ಅಂಚಿನ ಬೆಟ್

ಈಗ ನಿಜವಾಗಿ ಕಾಡುವ ಜಾಗಕ್ಕೆ ಬರೋಣ. ಪಾಟ್ 100. ನಿಮ್ಮ ಬಳಿಯೂ ಅವನ ಬಳಿಯೂ 350. ನಿಮ್ಮ ಕೈಯಲ್ಲಿ ಎರಡು ಹಾರ್ಟ್, ಬೋರ್ಡ್ ಮೇಲೆ ಇನ್ನೆರಡು ಹಾರ್ಟ್. ಒಂದು ಬಂದರೆ ಫ್ಲಶ್. ಉಳಿದ ಹಾರ್ಟ್ 9. ಕಾಣದ 47 ಎಲೆಯಲ್ಲಿ 9, ಅಂದರೆ ಟರ್ನ್‌ನಲ್ಲೇ ಬರುವ ಸಾಧ್ಯತೆ 19 ಪ್ರತಿಶತ. ಟರ್ನ್, ರಿವರ್ ಎರಡೂ ಸೇರಿ 35. (ಅವಸರಕ್ಕೆ: ಒಂದು ಎಲೆ ಬಾಕಿ ಇದ್ದರೆ ಕೂಡಿಬರುವ ಎಲೆಗಳ ಸಂಖ್ಯೆಯ ಎರಡರಷ್ಟು, ಎರಡು ಬಾಕಿ ಇದ್ದರೆ ನಾಲ್ಕರಷ್ಟು.)

ಕೈ ಚೆನ್ನಾಗಿದೆ ಎಂದು 75 ಇಡುತ್ತೀರಿ. ಅವನು 350 ಪೂರ್ತಿ ತಳ್ಳುತ್ತಾನೆ.

"ಕಾಕಾ, ಒಂದ್ ನಿಮಿಷ ತಡೀರಿ. ವಿಚಾರ ಮಾಡ್ತೀನಿ."

"ತಮ್ಮಾ, ಈ ವಿಚಾರ ಎಪ್ಪತ್ತೈದು ಇಡೂ ಮುಂಚೆ ಮಾಡೂದಿತ್ತು."

ಕಾಕಾ ಹೇಳಿದ್ದರಲ್ಲಿ ಲೆಕ್ಕ ಇದೆ. ಇಬ್ಬರ ಸ್ಟ್ಯಾಕ್‌ಗಳೂ ಒಳಗೆ ಹೋದರೆ ಪಾಟ್ 100 + 350 + 350, ಅಂದರೆ 800. ನೀವು ಎಷ್ಟೇ ಬೆಟ್ ಇಡಿ, ಈ 800 ಬದಲಾಗುವುದಿಲ್ಲ. ಬದಲಾಗುವುದು ಬೆಟ್ ಆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಮಾತ್ರ. 75 ಇಟ್ಟರೆ ಉಳಿಯುವುದು 275. 275 ಭಾಗಿಸು 800, 34 ಚಿಲ್ಲರೆ ಪ್ರತಿಶತ. ನಿಮ್ಮ ಗೆಲುವಿನ ಸಾಧ್ಯತೆ 35. ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಅವನ ಬಳಿ ಸೆಟ್ (ಕೈಯಲ್ಲಿನ ಜೋಡಿಗೆ ಬೋರ್ಡ್‌ನ ಅದೇ ಎಲೆ ಕೂಡಿ ಮೂರು) ಇದ್ದರೆ ನಿಮ್ಮ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಇದಕ್ಕಿಂತ ಕೆಟ್ಟ ಜಾಗದಲ್ಲಿ ನಿಲ್ಲಬೇಕೆಂದು ಹುಡುಕಿದರೂ ಸಿಗುವುದಿಲ್ಲ.

35 ಇಟ್ಟಿದ್ದರೆ ಉಳಿಯುವುದು 315, ಬೇಕಾದದ್ದು 39 ಪ್ರತಿಶತ: ಕಳೆದುಕೊಂಡದ್ದು 35 ಬಿಲ್ಲೆ, ನೋವಿಲ್ಲದೆ ಫೋಲ್ಡ್. 120 ಇಟ್ಟಿದ್ದರೆ ಉಳಿಯುವುದು 230, ಬೇಕಾದದ್ದು 29: ಕಣ್ಣು ಮುಚ್ಚಿ ಕಾಲ್. ಎರಡೂ ಸರಿ, ನಡುವಿನ 60ರಿಂದ 90 ತಪ್ಪು. ನೀವು ಮೊದಲು ಆಡಬೇಕಾದ ಜಾಗದಲ್ಲಿದ್ದರೆ ಮೂರನೆಯ ದಾರಿಯೂ ಇದೆ: ಚೆಕ್ ಮಾಡಿ, ಅವನು 60 ಇಟ್ಟರೆ ನೀವೇ 350 ತಳ್ಳಿ. ಆಗ ಎಲೆ ಬಿಡುವ ಸಂಕಟ ಅವನಿಗೆ. ಆದರೆ ಎಂದೂ ಎಲೆ ಬಿಡದ ಮಾಮಾ ಎದುರಿಗೆ ಕೂತಿದ್ದರೆ ಈ ಉಪಾಯ ಮರೆತುಬಿಡಿ.

ಇದನ್ನೇ ಎಲ್ಲ ಕೈಗೂ ಅನ್ವಯಿಸಬಹುದು. ಪಾಟ್‌ಗೆ ಎರಡು ಸ್ಟ್ಯಾಕ್ ಕೂಡಿಸಿ. ಅದರಲ್ಲಿ ನಿಮ್ಮ ಗೆಲುವಿನ ಪ್ರತಿಶತ ಎಷ್ಟೋ ಅಷ್ಟು ತೆಗೆಯಿರಿ. ಬೆಟ್ ಆದ ಮೇಲೆ ಕೈಯಲ್ಲಿ ಉಳಿಯುವುದು ಆ ಅಂಕಿಯ ಹತ್ತಿರ ಬರದಂತೆ ನೋಡಿಕೊಳ್ಳಿ. ಒಂದೋ ಸಾಕಷ್ಟು ಮೇಲೆ, ಇಲ್ಲ ಸಾಕಷ್ಟು ಕೆಳಗೆ.

ಇದರ ಇನ್ನೊಂದು ಮುಖ ಟರ್ನ್‌ನಲ್ಲಿ ಕಾಣುತ್ತದೆ. ಪಾಟ್ 300, ಕೈಯಲ್ಲಿ 300. ಜನ ಇಲ್ಲಿ 150 ಇಡುತ್ತಾರೆ, "ಅರ್ಧ ಉಳಿಸ್ಕೋತೀನಿ" ಎಂಬ ಭಾವನೆ. ಅವನು ಆಲ್-ಇನ್ ಎಂದರೆ 900ರ ಪಾಟ್‌ಗೆ 150 ಕೊಡಬೇಕು, 17 ಪ್ರತಿಶತ ಸಾಧ್ಯತೆ ಇದ್ದರೂ ಸಾಕು. ಬಿಡಲು ಆಗುವುದೇ ಇಲ್ಲ. ಹಾಗಿದ್ದರೆ ಆ 150 ಉಳಿಸಿದ್ದು ಯಾವ ಪುರುಷಾರ್ಥಕ್ಕೆ? ಫ್ಲಶ್ ಕಾಯುತ್ತಿದ್ದವನಿಗೆ ಅರ್ಧ ಬೆಲೆಗೆ ರಿವರ್ ತೋರಿಸಿದಂತಾಯಿತು. 300 ಪೂರ್ತಿ ತಳ್ಳಿ, ಇಲ್ಲವೇ ಚೆಕ್ ಮಾಡಿ.

ಒಂದು ಜೋಡಿ, ಒಂದು ಸೆಟ್

ಬೋರ್ಡ್: ಹಾರ್ಟ್ ರಾಜ, ಹಾರ್ಟ್ ಎಂಟು, ಕ್ಲಾವರ್ ಮೂರು. ಪಾಟ್ 65, ಸ್ಟ್ಯಾಕ್ 970. ನಿಮ್ಮ ಬಳಿ ಎಕ್ಕ-ರಾಜ, ಎರಡೂ ಹಾರ್ಟ್ ಅಲ್ಲ. ಇದು ಒಳ್ಳೆಯ ಕೈ, ಆದರೆ 970ರ ಕೈ ಅಲ್ಲ. ಇದರಿಂದ ಎಷ್ಟು ಸುತ್ತು ಬೆಲೆ ಕೇಳಬಹುದು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಎರಡು, ಸಪ್ಪೆ ಎಲೆ ಬಿದ್ದರೆ ಮೂರು. ಫ್ಲಾಪ್‌ನಲ್ಲಿ 45, ಪಾಟ್ 155. ಟರ್ನ್‌ನಲ್ಲಿ 95, ಪಾಟ್ 345. ರಿವರ್‌ನಲ್ಲಿ ಚೆಕ್, ಅಥವಾ ಸಣ್ಣದೊಂದು 110. ಒಟ್ಟು 250, ಸ್ಟ್ಯಾಕ್‌ನ ಕಾಲುಭಾಗ. ಟರ್ನ್‌ನಲ್ಲಿ ಚೆಕ್ ಮಾಡಿ ರಿವರ್‌ನಲ್ಲಿ ಬೆಟ್ ಕಟ್ಟಿದರೂ ಎರಡು ಸುತ್ತೇ. ನೀವು ಕೊನೆಗೆ ಆಡುವ ಜಾಗದಲ್ಲಿದ್ದಾಗ ಇದು ಇನ್ನೂ ನೆಮ್ಮದಿ, ರೇಜ್ ತಿನ್ನುವ ಅವಕಾಶವೇ ಒಂದು ಕಡಿಮೆ.

ಅದೇ ಬೋರ್ಡ್‌ನಲ್ಲಿ ಎರಡು ಎಂಟು ಹಿಡಿದಿದ್ದರೆ 970 ಪೂರ್ತಿ ಒಳಗೆ ಹೋಗಬೇಕೆಂಬ ಆಸೆ ಸಹಜ. ಅನುಪಾತ 15, ಮೂರು ಸುತ್ತಿಗೂ ಪಾಟ್‌ಗಿಂತ ಹೆಚ್ಚು ಬೇಕು. ಇಲ್ಲೊಂದು ತೊಡಕು. ಎಕ್ಕ-ರಾಜಕ್ಕೆ 45, ಸೆಟ್‌ಗೆ 70 ಎಂದು ಫ್ಲಾಪ್‌ನಲ್ಲೇ ಭೇದ ಮಾಡಿದರೆ ನಾಲ್ಕನೇ ಆಟಕ್ಕೆ ಇಡೀ ಓಣಿಗೆ ನಿಮ್ಮ ಕೈ ಗೊತ್ತಾಗುತ್ತದೆ. ಫ್ಲಾಪ್‌ನ ಗಾತ್ರವನ್ನು ಬೋರ್ಡ್ ತೀರ್ಮಾನಿಸಲಿ, ಕೈ ಅಲ್ಲ. ರಾಜ-ಏಳು-ಎರಡು ಮೂರು ಬಣ್ಣದ ಒಣ ಬೋರ್ಡ್ ಆದರೆ ಎಲ್ಲ ಕೈಗೂ ಮೂರನೇ ಒಂದು. ಫ್ಲಶ್, ಸ್ಟ್ರೇಟ್ ಕಾಯುವವರಿಗೆ ಜಾಗವಿರುವ ಬೋರ್ಡ್ ಆದರೆ ಎಲ್ಲ ಕೈಗೂ ಮೂರನೇ ಎರಡು. ಭೇದ ತೆರೆದುಕೊಳ್ಳುವುದು ಟರ್ನ್‌ನಲ್ಲಿ. ಸೆಟ್ ಇದ್ದು ಫ್ಲಾಪ್‌ನಲ್ಲಿ 45 ಇಟ್ಟಾದ ಮೇಲೆ ಪಾಟ್ 155, ಉಳಿದದ್ದು 925, ಅನುಪಾತ 6. ಎರಡು ಸುತ್ತಿಗೆ 130 ಪ್ರತಿಶತ: ಟರ್ನ್‌ನಲ್ಲಿ 200, ಪಾಟ್ 555, ರಿವರ್‌ನಲ್ಲಿ ಉಳಿದ 725. ಪಾಟ್‌ಗಿಂತ ದೊಡ್ಡ ಬೆಟ್ ಕಟ್ಟಬಾರದೆಂದು ಎಲ್ಲೂ ಬರೆದಿಲ್ಲ. ಆದರೆ ಆ 200ನ್ನು ಕೆಲವೊಮ್ಮೆ ಹಾರ್ಟ್ ರಾಣಿ-ಗುಲಾಮ ಹಿಡಿದೂ ಇಡಬೇಕು, ಇಲ್ಲದಿದ್ದರೆ ಬಾರ್ಡರಿನ ಸೀರೆ ಉಟ್ಟಂತೆ ದೂರದಿಂದಲೇ ಗುರುತು ಸಿಗುತ್ತದೆ.

ಬೆಟ್ ಇಡುವ ಮುಂಚೆ ಕೇಳಿಕೊಳ್ಳುವುದು

ಮತ್ತೆ ಎಕ್ಕ-ರಾಜಕ್ಕೆ ಬನ್ನಿ. 45 ಇಡುವ ಮುಂಚೆ ಮನಸ್ಸಿನಲ್ಲಿ ಉತ್ತರ ಇರಬೇಕಾದದ್ದು ಮೂರಕ್ಕೆ. ಈಗಲೇ ರೇಜ್ ಬಂದರೆ? ಅವನು 140 ಎಂದರೆ ಒಂದು ಸಲ ಕಾಲ್. ಪಾಟ್ 345, ಉಳಿದದ್ದು 830, ಅನುಪಾತ ಎರಡೂವರೆಗೂ ಕಡಿಮೆ. ಟರ್ನ್‌ನಲ್ಲಿ ಅವನು ಮತ್ತೆ ದೊಡ್ಡದು ಇಟ್ಟರೆ ಬಿಡುವುದು, ಇದೂ ಈಗಲೇ ತೀರ್ಮಾನ. ಮನೆಯಾಟದಲ್ಲಿ ಟರ್ನ್‌ನ ರೇಜ್ ಸುಳ್ಳಾಗಿರುವುದು ಅಪರೂಪ. ಎರಡನೆಯದು, ಯಾವ ಎಲೆ ಬಿದ್ದರೆ ಕೈ ತಡೆಯಬೇಕು? ನಿಮ್ಮ ಬಳಿ ಹಾರ್ಟ್ ಇಲ್ಲದಿದ್ದರೆ 47 ಎಲೆಯಲ್ಲಿ 11 ಹಾರ್ಟ್. ನಾಲ್ಕಕ್ಕೊಂದು ಸಲ ಟರ್ನ್‌ನಲ್ಲಿ ಬೋರ್ಡ್ ಕೆಂಪಾಗುತ್ತದೆ. ಆಗ ಚೆಕ್. ಬೇರೆ ಬಣ್ಣದ ಎರಡು, ಐದು ಬಿದ್ದರೆ ಬೆಟ್ ಮುಂದುವರಿಕೆ. ಎಕ್ಕ ಬಿದ್ದರೆ ಗಾತ್ರ ಹೆಚ್ಚಿಸಬಹುದು. ಮೂರನೆಯದು, ರಿವರ್‌ಗೆ ಹೋದಾಗ ಕೈಯಲ್ಲಿ ಎಷ್ಟು ಉಳಿದಿರುತ್ತದೆ, ಅದು ಒಂದು ಸರಿಯಾದ ಬೆಟ್ ಆಗುತ್ತದೆಯೇ? ಪಾಟ್‌ನ ಅರ್ಧದಿಂದ ಒಂದು ಪಾಟ್‌ವರೆಗೆ ಉಳಿದರೆ ಚೆನ್ನ. 480ರ ಪಾಟ್‌ಗೆ 60 ಉಳಿದರೆ ಅದಕ್ಕೆ ಯಾರೂ ಹೆದರುವುದಿಲ್ಲ.

ಸುಳ್ಳು ಬೆಟ್‌ಗೂ ಬೆಲೆ ಇದೆ. ಅರ್ಧ ಪಾಟ್ ಇಟ್ಟರೆ ಅವನು ಮೂರಕ್ಕೆ ಒಂದು ಸಲ ಬಿಡಬೇಕು, ಪೂರ್ತಿ ಪಾಟ್ ಇಟ್ಟರೆ ಎರಡಕ್ಕೆ ಒಂದು ಸಲ. ಅಷ್ಟಾದರೆ ಅಸಲು ಗಿಟ್ಟಿತು. ನಾಲ್ಕು ಜನ ಎದುರಿಗಿದ್ದಾಗ ನಾಲ್ವರೂ ಬಿಡಬೇಕು. ಆದ್ದರಿಂದ ಐದು ಜನರ ಫ್ಲಾಪ್‌ನಲ್ಲಿ ಸುಳ್ಳು ಬೇಡವೇ ಬೇಡ, ಒಳ್ಳೆ ಕೈಗೆ ಮೂರನೇ ಎರಡಕ್ಕಿಂತ ಕಡಿಮೆ ಬೇಡ.

ಮನೆಯಾಟದಲ್ಲಿ ಪದೇ ಪದೇ ಕಾಣುವ ಇನ್ನೊಂದು ಕೆಡುಕು 150ರ ಪಾಟ್‌ಗೆ 10 ಇಡುವುದು. ಕಾಲ್ ಮಾಡುವವನಿಗೆ ಬೇಕಾದ ಸಾಧ್ಯತೆ 6 ಪ್ರತಿಶತ. ಯಾವ ಎಲೆ ಹಿಡಿದರೂ ಬರುತ್ತಾನೆ. ರಿವರ್‌ಗೆ ಬಂದಾಗ ಪಾಟ್ ದೊಡ್ಡದು, ಯಾರ ಕೈ ಏನೆಂದು ಒಂದಿಷ್ಟೂ ಸುಳಿವಿಲ್ಲ. ಅದಕ್ಕಿಂತ ಚೆಕ್ ಮೇಲು.

ಕೂತು ಅಭ್ಯಾಸ ಮಾಡಲು ಇಬ್ಬರು ಸಾಕು. ಎಲೆ ತೆರೆದಿಟ್ಟುಕೊಂಡೇ ಆಡಿ: ಫ್ಲಾಪ್ ಹಾಕಿ, ಪಾಟ್ ಮತ್ತು ಸ್ಟ್ಯಾಕ್ ಅನ್ನು ಮನಸ್ಸಿಗೆ ಬಂದ ಅಂಕಿಗೆ ಇಟ್ಟು, ಬೆಟ್ ಕಟ್ಟುವವನು ಮೊದಲು ನಾಲ್ಕು ಅಂಕಿ ಬಾಯಿಬಿಟ್ಟು ಹೇಳಲಿ. ಅನುಪಾತ ಎಷ್ಟು, ಈಗ ಎಷ್ಟು ಇಡುತ್ತಾನೆ, ಟರ್ನ್‌ನಲ್ಲಿ ಎಷ್ಟು, ರಿವರ್‌ಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ. ಎದುರಿನವನು ಮೊಬೈಲ್‌ನ ಕ್ಯಾಲ್ಕ್ಯುಲೇಟರ್‌ನಲ್ಲಿ ತಾಳೆ ನೋಡಲಿ. ಅಂಕಿ 10ರ ಆಸುಪಾಸಿಗೆ ಬಂದರೆ ಸಾಕು. ದಿನಕ್ಕೆ ಇಪ್ಪತ್ತು ಫ್ಲಾಪ್‌ನಂತೆ ಎರಡು ವಾರ ಮಾಡಿ, ಆಮೇಲೆ ಎಲೆ ಮುಚ್ಚಿಟ್ಟು ಶುರು ಮಾಡಿ.